ನಾನು ಯಾರು ಅಂತ ಬರೆಯೋ ಪೆನ್ನು ಯಾರ ಕೈಲಿದೆ: ಈಗಿನ ಅಮೆರಿಕನ್ ಕಾದಂಬರಿಗಳಲ್ಲಿ ಯಾವುದನ್ನ ತಗೊಳ್ಳೋದು

ಅಕ್ಕನ ಮಗಳು ಇಂಗ್ಲಿಷ್ ಎಂ.ಎ. ಎರಡನೇ ವರ್ಷದಲ್ಲಿದ್ದಾಳೆ, ಪ್ರಾಜೆಕ್ಟಿಗೆ ಅವಳ ಗೈಡು ಕೊಟ್ಟಿರೋ ವಿಷಯ ಈಗಿನ ಅಮೆರಿಕನ್ ಕಾದಂಬರಿಗಳಲ್ಲಿ ಐಡೆಂಟಿಟಿ ಕ್ರೈಸಿಸ್ಸು ಮತ್ತು ಸಾಮಾಜಿಕ ಅಧಿಕಾರ. ಹೋದ ತಿಂಗಳು ಫೋನ್ ಮಾಡಿ "ಚಿಕ್ಕಮ್ಮ, ಒಂಬತ್ತು ಪುಸ್ತಕದ ಹೆಸರು ಬರ್ಕೊಂಡಿದೀನಿ, ನಂಗೆ ಟೈಮ್ ಇರೋದು ಎರಡಕ್ಕೆ, ಹೆಚ್ಚಂದ್ರೆ ಮೂರಕ್ಕೆ, ಯಾವುದು ಬಿಡ್ಲಿ ಹೇಳಿ" ಅಂದ್ಳು. ಅವಳ ಒಂಬತ್ತನ್ನೂ ನಾನು ಓದಿದ್ದೆ, ಕೆಲವನ್ನ ಎರಡೆರಡು ಸಲ. ಫೋನಲ್ಲಿ ಒಂದು ಗಂಟೆ ಮಾತಾಡಿದ್ದನ್ನೇ ಇಲ್ಲಿ ಬಿಡಿಸಿ ಬರೀತಿದೀನಿ, ಪ್ರಾಜೆಕ್ಟ್ ಇಲ್ದೆ ಸುಮ್ನೆ ಓದೋ ಆಸೆ ಇರೋರಿಗೂ ಉಪಯೋಗ ಆಗ್ಬೋದು ಅಂತ. ಕಥೆ ಸ್ವಲ್ಪ ಬಿಚ್ಚಿಡ್ಬೇಕಾಗತ್ತೆ, ಕೊನೆ ಏನಾಗತ್ತೆ ಅಂತ ಮಾತ್ರ ಆದಷ್ಟೂ ಹೇಳಲ್ಲ.

ಮೊದಲು ಒಂದು ಮಾತು. ಐಡೆಂಟಿಟಿ ಕ್ರೈಸಿಸ್ ಅಂದ ತಕ್ಷಣ ಎಲ್ಲರೂ ಅದನ್ನ ಮನಸ್ಸಿನೊಳಗಿನ ತೊಳಲಾಟ ಅಂತಲೇ ತಿಳ್ಕೋತಾರೆ, ಯಾರೋ ಒಬ್ರು ಕಿಟಕಿ ಪಕ್ಕ ಕೂತು ನಾನ್ಯಾರು ನಾನ್ಯಾರು ಅಂತ ಯೋಚ್ನೆ ಮಾಡ್ತಿರೋ ಥರ. ಈ ಒಂಬತ್ತು ಪುಸ್ತಕದಲ್ಲಿ ಬಹುಪಾಲು ಜನಕ್ಕೆ ತಾವ್ಯಾರು ಅಂತ ಚೆನ್ನಾಗೇ ಗೊತ್ತು. ಕಷ್ಟ ಬರೋದು ಎಲ್ಲಿ ಅಂದ್ರೆ, ಅದನ್ನ ಹೇಳೋ ಅಧಿಕಾರ ಇನ್ಯಾರದೋ ಕೈಲಿದೆ, ಕಾಲೇಜಿನ ಕಮಿಟಿ ಕೈಲಿ, ಪುಸ್ತಕದಂಗಡೀಲಿ ಶೆಲ್ಫ್ ಜೋಡಿಸೋನ ಕೈಲಿ, ಆಸ್ಪತ್ರೆ ಗುಮಾಸ್ತನ ಕೈಲಿ, ಟೀವಿ ಸೀರಿಯಲ್ ಬರೆಯೋನ ಕೈಲಿ. ಹಾಗಾಗಿ ಪುಸ್ತಕ ಆರಿಸ್ಬೇಕಾದ್ರೆ ಲೇಖಕರ ಬಣ್ಣ, ಪ್ರಶಸ್ತಿ, ಪುಟದ ಲೆಕ್ಕ ನೋಡೋದಕ್ಕಿಂತ ಒಂದೇ ಪ್ರಶ್ನೆ ಕೇಳಿ: ಈ ಕಥೇಲಿ ಹೆಸರಿಡೋ ಹಕ್ಕು ಯಾರ ಕೈಲಿದೆ, ನಿಮಗೆ ಯಾವ ಕೈಯನ್ನ ಹತ್ತಿರದಿಂದ ನೋಡೋ ಆಸೆ ಇದೆ? ಅಲ್ಲಿಂದ ಆಯ್ಕೆ ಸುಲಭ ಆಗತ್ತೆ.

ಬಣ್ಣ ಮುಚ್ಚಿಟ್ಟು ಬದುಕಿದವರು: ದಿ ಹ್ಯೂಮನ್ ಸ್ಟೇನ್, ಇಲ್ಲಾ ದಿ ವ್ಯಾನಿಶಿಂಗ್ ಹಾಫ್

ಈ ಎರಡರ ನಡುವೆ ಆರಿಸೋದೇ ಎಲ್ಲಕ್ಕಿಂತ ಕಷ್ಟ, ಅದಕ್ಕೆ ಇಲ್ಲೇ ಜಾಸ್ತಿ ಹೊತ್ತು ನಿಲ್ತೀನಿ. ಎರಡೂ ಪಾಸಿಂಗ್ ಬಗ್ಗೆ. ಪಾಸಿಂಗ್ ಅಂದ್ರೆ ಕಪ್ಪು ಜನರ ಮನೇಲಿ ಹುಟ್ಟಿ, ಮೈಬಣ್ಣ ತಿಳಿಯಾಗಿರೋದ್ರಿಂದ ನಾನು ಬಿಳಿಯ ಅಂತ ಹೇಳ್ಕೊಂಡು ಬದುಕಿಬಿಡೋದು. ಅಮೆರಿಕದಲ್ಲಿ ಒಂದು ತೊಟ್ಟು ರಕ್ತದ ನಿಯಮ ಅಂತಿತ್ತು, ಹಿಂದಿನ ಯಾವುದೋ ತಲೆಮಾರಲ್ಲಿ ಒಬ್ಬರು ಕಪ್ಪು ಇದ್ರೂ ನೀನೂ ಕಪ್ಪೇ ಅನ್ನೋದು. 1896ರಲ್ಲಿ ಸುಪ್ರೀಂ ಕೋರ್ಟಿನ ಪ್ಲೆಸಿ ಕೇಸಲ್ಲಿ ಸೋತ ಹೋಮರ್ ಪ್ಲೆಸಿ ಎಂಟರಲ್ಲಿ ಏಳು ಪಾಲು ಬಿಳಿಯನೇ, ಆದ್ರೂ ಬಿಳಿಯರ ರೈಲು ಬೋಗೀಲಿ ಕೂತಿದ್ದಕ್ಕೆ ಅರೆಸ್ಟ್ ಆಗಿದ್ದ. ಅದೇ ಲೂಸಿಯಾನಾ ರಾಜ್ಯದಲ್ಲಿ 1970ರಲ್ಲಿ ಮಾಡಿದ ಕಾನೂನು ಮೂವತ್ತೆರಡರಲ್ಲಿ ಒಂದು ಪಾಲಿನ ಲೆಕ್ಕ ಹಾಕ್ತಿತ್ತು, ಅದು ರದ್ದಾಗಿದ್ದು 1983ರಲ್ಲಿ. ಅಂದ್ರೆ ಕನ್ನಡಿ ಒಂದು ಹೇಳ್ತಿತ್ತು, ಸರ್ಕಾರದ ಕಾಗದ ಇನ್ನೊಂದು ಹೇಳ್ತಿತ್ತು. ಆ ಸಂದೀಲೇ ಈ ಎರಡೂ ಕಾದಂಬರಿ ಹುಟ್ಟಿರೋದು.

ಫಿಲಿಪ್ ರಾತ್ ಬರೆದ ದಿ ಹ್ಯೂಮನ್ ಸ್ಟೇನ್ ಬಂದಿದ್ದು 2000ದಲ್ಲಿ, ಕಥೆ ನಡೆಯೋದು 1998ರ ಬೇಸಿಗೇಲಿ, ದೇಶಕ್ಕೆ ದೇಶವೇ ಅಧ್ಯಕ್ಷ ಕ್ಲಿಂಟನ್ ಅವರ ಲೈಂಗಿಕ ಹಗರಣದ ಬಗ್ಗೆ ಮಾತಾಡ್ತಾ ಕೂತಿದ್ದಾಗ. ಕೋಲ್ಮನ್ ಸಿಲ್ಕ್ ಅಂತ 71 ವರ್ಷದ ಪ್ರೊಫೆಸರು, ಮ್ಯಾಸಚೂಸೆಟ್ಸ್‌ನ ಒಂದು ಸಣ್ಣ ಕಾಲೇಜಲ್ಲಿ ಗ್ರೀಕ್ ಸಾಹಿತ್ಯ ಪಾಠ ಮಾಡ್ತಿದ್ದವರು, ಡೀನ್ ಆಗಿದ್ದವರು. ಎರಡು ವರ್ಷ ಹಿಂದೆ ಏನಾಗಿತ್ತು ಅಂದ್ರೆ, ಸೆಮಿಸ್ಟರ್ ಶುರುವಾಗಿ ಐದು ವಾರ ಆದ್ರೂ ಇಬ್ಬರು ವಿದ್ಯಾರ್ಥಿಗಳು ಒಂದಿನಾನೂ ಬಂದಿರ್ಲಿಲ್ಲ, ಇವರು ಹಾಜರಿ ಕೂಗ್ತಾ, ಇವ್ರನ್ನ ಯಾರಾದ್ರೂ ನೋಡಿದೀರಾ, ನಿಜಕ್ಕೂ ಇದಾರಾ ಇಲ್ಲಾ ದೆವ್ವಗಳಾ ಅನ್ನೋ ಅರ್ಥದಲ್ಲಿ ಸ್ಪೂಕ್ಸ್ ಅನ್ನೋ ಪದ ಬಳಸ್ತಾರೆ. ಆ ಪದಕ್ಕೆ ದೆವ್ವ ಅಂತಾನೂ ಅರ್ಥ, ಹಳೇ ಕಾಲದಲ್ಲಿ ಕಪ್ಪು ಜನರನ್ನ ಬೈಯೋಕೂ ಬಳಸ್ತಿದ್ರು. ಬರದೇ ಇದ್ದ ಆ ಇಬ್ಬರೂ ಕಪ್ಪು ವಿದ್ಯಾರ್ಥಿಗಳು. ಕಂಪ್ಲೇಂಟು, ವಿಚಾರಣೆ, ರಾಜೀನಾಮೆ, ಅದರ ಮಧ್ಯೆ ಹೆಂಡತಿ ಸಾವು. ಇಷ್ಟೆಲ್ಲಾ ಆದ್ಮೇಲೆ ಪುಸ್ತಕ ಇನ್ನೂ ಮೊದಲ ಭಾಗದಲ್ಲಿ ಇರೋವಾಗ್ಲೇ ನಮಗೆ ಗೊತ್ತಾಗತ್ತೆ, ಯಹೂದಿ ಅಂತ ಐವತ್ತು ವರ್ಷ ಬದುಕಿದ ಈ ಮನುಷ್ಯ ನ್ಯೂಜೆರ್ಸಿಯ ಕಪ್ಪು ಕುಟುಂಬದ ಮಗ. ಜನಾಂಗ ದ್ವೇಷಿ ಅಂತ ಅವನನ್ನ ಓಡಿಸಿದಾರೆ, ಒಂದೇ ಒಂದು ಸತ್ಯ ಹೇಳಿದ್ರೆ ಬಚಾವಾಗ್ತಿದ್ದ, ಆ ಸತ್ಯ ಹೇಳೋಕಾಗಲ್ಲ, ಹೇಳಿದ್ರೆ ಅವನು ಕಟ್ಟಿದ್ದೆಲ್ಲಾ ಸುಳ್ಳಾಗತ್ತೆ.

ನನ್ನನ್ನ ಅಲ್ಲಾಡಿಸಿದ್ದು ಕ್ಯಾಂಪಸ್ ಭಾಗ ಅಲ್ಲ, ಹುಡುಗ ಕೋಲ್ಮನ್ ಮದುವೆ ನಿಶ್ಚಯ ಆದ್ಮೇಲೆ ಅಮ್ಮನ ಮನೆಗೆ ಹೋಗಿ ಮಾತಾಡೋ ಪುಟಗಳು. ಹುಡುಗಿಗೆ ನಮ್ಮಪ್ಪ ಅಮ್ಮ ಇಬ್ಬರೂ ಸತ್ತೋಗಿದಾರೆ ಅಂತ ಹೇಳಿಬಿಟ್ಟಿದೀನಿ ಅಂತ ಬದುಕಿರೋ ತಾಯಿ ಎದುರು ಕೂತು ಹೇಳ್ತಾನೆ. ಆಕೆ ಕಿರುಚಲ್ಲ. ಹಾಗಾದ್ರೆ ಮೊಮ್ಮಕ್ಕಳನ್ನ ನಾನು ಹೇಗೆ ನೋಡ್ಬೇಕು, ಯಾವುದೋ ಸ್ಟೇಷನ್‌ನಲ್ಲಿ ಕೂತಿರು ಅಂದ್ರೆ ಕೂತಿರ್ತೀನಿ, ನೀನು ಅವರನ್ನ ಕರ್ಕೊಂಡು ಹಾಗೇ ನಡ್ಕೊಂಡು ಹೋಗು, ದೂರದಿಂದ ನೋಡ್ಕೋತೀನಿ ಅನ್ನೋ ಧಾಟೀಲಿ ಮಾತಾಡ್ತಾ ಹೋಗ್ತಾಳೆ. ಇದನ್ನ ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿ ಅಮ್ಮನ ರೂಮಿನ ಬಾಗಿಲಲ್ಲಿ ಸುಮ್ನೆ ನಿಂತಿದ್ದೆ. ಮುಂದೆ ಅವನಿಗೆ ನಾಲ್ಕು ಮಕ್ಕಳಾಗತ್ತೆ, ಪ್ರತೀ ಹೆರಿಗೆಗೂ ಮಗು ಬಣ್ಣ ಏನು ಬರತ್ತೋ ಅಂತ ಅವನಿಗೆ ಒಳಗೊಳಗೇ ನಡುಕ.

ಬ್ರಿಟ್ ಬೆನೆಟ್ ಬರೆದ ದಿ ವ್ಯಾನಿಶಿಂಗ್ ಹಾಫ್ 2020ರದ್ದು. ಇಲ್ಲಿ ಲೂಸಿಯಾನಾದಲ್ಲಿ ಮ್ಯಾಲರ್ಡ್ ಅಂತ ಒಂದು ಊರು, ಮ್ಯಾಪಲ್ಲಿ ಹುಡುಕಿದ್ರೆ ಸಿಗಲ್ಲ, ಕಾದಂಬರಿಯ ಊರು. ಅಲ್ಲಿನ ಕಪ್ಪು ಜನ ತಲೆಮಾರಿಂದ ತಲೆಮಾರಿಗೆ ತಿಳಿ ಬಣ್ಣ ಆಗ್ತಾ ಹೋಗ್ಬೇಕು ಅಂತಲೇ ಮದುವೆ ಸಂಬಂಧ ನೋಡ್ತಾರೆ. ಇದನ್ನ ಓದ್ವಾಗ ನಮ್ಮ ಮದುವೆ ಜಾಹೀರಾತಿನ "ಗೌರವರ್ಣದ ಕನ್ಯೆ ಬೇಕು" ನೆನಪಾಗದೇ ಇರಲ್ಲ. ಡಿಸೈರೇ, ಸ್ಟೆಲ್ಲಾ ಅಂತ ಅವಳಿ ಹೆಣ್ಣುಮಕ್ಕಳು, ಅವರ ಅಪ್ಪ ಎಷ್ಟೇ ತಿಳಿ ಬಣ್ಣ ಇದ್ರೂ ಬಿಳಿಯರ ಗುಂಪು ಅವನನ್ನ ಕೊಂದು ಹಾಕತ್ತೆ, ಮಕ್ಕಳು ಅದನ್ನ ಕಣ್ಣಾರೆ ನೋಡಿರ್ತಾರೆ. 1954ರಲ್ಲಿ 16ನೇ ವಯಸ್ಸಿಗೆ ಇಬ್ಬರೂ ನ್ಯೂ ಆರ್ಲಿಯನ್ಸ್‌ಗೆ ಓಡಿಹೋಗ್ತಾರೆ. ಸ್ಟೆಲ್ಲಾಗೆ ಒಂದು ದೊಡ್ಡ ಅಂಗಡಿಯ ಆಫೀಸಲ್ಲಿ ಕೆಲಸ ಸಿಗತ್ತೆ, ಅವರು ಬಿಳಿ ಹುಡುಗಿ ಅಂದ್ಕೊಂಡಿದ್ರು, ಇವಳು ಅಲ್ಲ ಅಂತ ಹೇಳ್ಲಿಲ್ಲ, ಅಷ್ಟೇ. ಅಲ್ಲಿಂದ ಮ್ಯಾನೇಜರ್ ಜೊತೆ ಮದುವೆ, ಲಾಸ್ ಏಂಜಲೀಸ್‌ನ ಶ್ರೀಮಂತ ಬಡಾವಣೇಲಿ ಮನೆ, ಈಜುಕೊಳ. ಡಿಸೈರೇ ಮಾತ್ರ 1968ರಲ್ಲಿ ಗಂಡನ ಹೊಡೆತ ತಡೀಲಾರದೆ ಕಡು ಕಪ್ಪು ಬಣ್ಣದ ಮಗಳು ಜೂಡ್‌ನ ಕೈ ಹಿಡ್ಕೊಂಡು ಅದೇ ಮ್ಯಾಲರ್ಡ್‌ಗೆ ವಾಪಸ್ ಬರ್ತಾಳೆ. ಇಡೀ ಊರು ಕಿಟಕೀಲಿ ನಿಂತು ನೋಡತ್ತೆ.

ಈ ಪುಸ್ತಕದಲ್ಲಿ ನೀವು ಗಮನ ಇಟ್ಟು ನೋಡ್ಬೇಕಾದ್ದು ಬಡಾವಣೆಯ ಮೀಟಿಂಗ್. ಎದುರು ಮನೆಗೆ ಒಂದು ಕಪ್ಪು ಕುಟುಂಬ ಬರ್ತಿದೆ ಅಂತ ಸುದ್ದಿ, ಮನೆ ಮಾಲೀಕರೆಲ್ಲಾ ಸೇರಿದಾರೆ, ಯಾವತ್ತೂ ಬಾಯಿ ಬಿಡದ ಸ್ಟೆಲ್ಲಾ ಎದ್ದು ನಿಂತು ತಡೀರಿ ಅಂತ ಜೋರಾಗಿ ಹೇಳ್ತಾಳೆ. ದ್ವೇಷಕ್ಕಿಂತ ಅಲ್ಲಿರೋದು ಭಯ, ಬಿಳಿಯರ ಕಣ್ಣಿಗೆ ಮಣ್ಣೆರಚಬಹುದು, ಕಪ್ಪು ಹೆಂಗಸಿನ ಕಣ್ಣಿಗೆ ಆಗಲ್ಲ, ಅವಳು ಒಂದೇ ನೋಟಕ್ಕೆ ಗುರುತು ಹಿಡಿದುಬಿಡ್ತಾಳೆ ಅಂತ. ಆಮೇಲೆ ಅದೇ ಸ್ಟೆಲ್ಲಾ ಆ ನೆರೆಯವಳ ಮನೆಗೆ ಕದ್ದುಮುಚ್ಚಿ ಹೋಗಿ ಕೂರೋಕೆ ಶುರು ಮಾಡ್ತಾಳೆ, ಯಾಕಂದ್ರೆ ಅಷ್ಟು ವರ್ಷದಲ್ಲಿ ಮೊದಲ ಸಲ ತನ್ನವರ ಮಾತು ಕಿವಿಗೆ ಬೀಳ್ತಿದೆ.

ಈಗ ಯಾವುದು? ಕೋಲ್ಮನ್ ಕಥೇಲಿ ಅಧಿಕಾರ ಇರೋದು ಸಂಸ್ಥೆಯ ಕೈಲಿ, ಮತ್ತು ಒಂದು ಪದಕ್ಕೆ ಅರ್ಥ ಯಾರು ಕೊಡ್ತಾರೆ ಅನ್ನೋದ್ರಲ್ಲಿ. ಸ್ಟೆಲ್ಲಾ ಕಥೇಲಿ ಅದು ಮನೆ, ಮದುವೆ, ಆಸ್ತಿ, ಬಡಾವಣೆ. ಕೋಲ್ಮನ್ ಒಬ್ಬನೇ ಹೋಗ್ತಾನೆ, ಅವನು ಬಿಟ್ಟುಹೋದವರ ಬದುಕು ನಮಗೆ ಕಾಣೋದು ಕಮ್ಮಿ. ಬೆನೆಟ್ ಉಳಿದವರ ಹತ್ರಾನೂ ಅಷ್ಟೇ ಹೊತ್ತು ಕೂರ್ತಾರೆ, ಸ್ಟೆಲ್ಲಾ ಮಗಳು ಕೆನಡಿ ತನ್ನಮ್ಮ ಯಾರು ಅಂತಾನೇ ಗೊತ್ತಿಲ್ದೆ ನಾಟಕ ನಟಿ ಆಗ್ತಾಳೆ, ಜೂಡ್ ಪ್ರೀತಿ ಮಾಡೋ ರೀಸ್ ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕ್ತಿರೋನು. ಸ್ಟೆಲ್ಲಾ ಬದಲಾಗಿದ್ದೂ ರೀಸ್ ಬದಲಾಗಿದ್ದೂ ಒಂದೇನಾ ಅಂತ ಪುಸ್ತಕ ನಮ್ಮನ್ನೇ ಕೇಳತ್ತೆ, ನನ್ನ ಪ್ರಕಾರ ಒಂದಲ್ಲ, ರೀಸ್ ತಾನು ಇರೋದನ್ನ ಹೊರಗೆ ತರ್ತಿದಾನೆ, ಸ್ಟೆಲ್ಲಾ ಇದ್ದಿದ್ದನ್ನ ಹೂತಿಡ್ತಿದಾಳೆ. ರಾತ್ ಅವರ ವಾಕ್ಯಗಳು ಒಂದೊಂದು ಅರ್ಧ ಪುಟ ಓಡ್ತವೆ, ಓದೋಕೆ ಉಸಿರು ಬೇಕು. ಹೆಂಗಸರ ಪಾತ್ರ ಅದರಲ್ಲೂ ಕೋಲ್ಮನ್ ವಿರುದ್ಧ ನಿಲ್ಲೋ ಫ್ರೆಂಚ್ ಪ್ರಾಧ್ಯಾಪಕಿಯನ್ನ ಅವರು ನ್ಯಾಯವಾಗಿ ಬರೆದಿಲ್ಲ ಅಂತ ನನಗೆ ಎರಡನೇ ಓದಲ್ಲೂ ಅನ್ನಿಸ್ತು. ಬೆನೆಟ್ ಭಾಷೆ ಸರಳ, ಮೂರು ದಿನಕ್ಕೆ ಮುಗಿಯತ್ತೆ, ಆದ್ರೆ ಆಕಸ್ಮಿಕ ಭೇಟಿಗಳ ಮೇಲೆ ಕಥೆ ಜಾಸ್ತಿ ಒರಗಿದೆ. ಒಂದೇ ತಗೊಳ್ಳೋರು ವ್ಯಾನಿಶಿಂಗ್ ಹಾಫ್ ತಗೊಳ್ಳಿ. ಪಾಸಿಂಗ್ ಮೇಲೇ ಪ್ರಾಜೆಕ್ಟ್ ಮಾಡೋರು ಮಾತ್ರ ಎರಡನ್ನೂ ಓದ್ಲೇಬೇಕು, ಬಿಟ್ಟುಹೋದವರನ್ನ ಒಂದರಲ್ಲಿ, ಹಿಂದೆ ಉಳಿದವರನ್ನ ಇನ್ನೊಂದರಲ್ಲಿ ನೋಡ್ಬೋದು.

ಇದು ನಮಗೆ ದೂರದ ವಿಷಯ ಅಂತ ಅಂದ್ಕೋಬೇಡಿ. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳೋಕೆ ಹೋದಾಗ "ನಿಮ್ಮದು ಯಾವ ಪೈಕಿ" ಅಂತ ಕೇಳ್ತಾರಲ್ಲ, "ಪೂರ್ತಿ ಹೆಸರು ಹೇಳಿ" ಅಂತಾರಲ್ಲ, ಆಗ ಒಂದು ಕ್ಷಣ ಸುಮ್ನಿದ್ದು ಉತ್ತರ ಕೊಟ್ಟಿರೋರಿಗೆ ಸ್ಟೆಲ್ಲಾ ಯಾಕೆ ಅಲ್ಲ ಅಂತ ಹೇಳ್ಲಿಲ್ಲ ಅನ್ನೋದು ವಿವರಿಸ್ಬೇಕಾಗಿಲ್ಲ. ಆದ್ರೆ ಜಾತಿ ಮತ್ತು ಬಣ್ಣ ಎರಡೂ ಒಂದೇ ಅಂತ ಪ್ರಾಜೆಕ್ಟಲ್ಲಿ ಬರೀಬೇಡ ಅಂತ ನಾನು ಅವಳಿಗೆ ಹೇಳ್ದೆ, ಹೋಲಿಕೆ ಓದೋಕೆ ದಾರಿ ಮಾಡಿಕೊಡತ್ತೆ, ಅಷ್ಟಕ್ಕೇ ಬಳಸ್ಬೇಕು.

ಪುಸ್ತಕದ ಮಾರ್ಕೆಟ್ಟೇ ಹೆಸರಿಟ್ಟಾಗ: ಇರೇಶರ್, ಇಲ್ಲಾ ಯೆಲ್ಲೋಫೇಸ್

ಪರ್ಸಿವಲ್ ಎವರೆಟ್ ಬರೆದ ಇರೇಶರ್ 2001ರದ್ದು. ಮಾಂಕ್ ಅಂತ ಕಪ್ಪು ಲೇಖಕ, ಡಾಕ್ಟರ್‌ಗಳ ಮನೆತನ, ಗ್ರೀಕ್ ನಾಟಕಗಳನ್ನ ಇಟ್ಕೊಂಡು ಕಷ್ಟದ ಕಾದಂಬರಿ ಬರೀತಾನೆ, ಯಾರೂ ಕೊಳ್ಳಲ್ಲ. ಒಂದಿನ ಪುಸ್ತಕದಂಗಡಿಗೆ ಹೋಗಿ ತನ್ನ ಪುಸ್ತಕ ಹುಡುಕ್ತಾನೆ, ಸಾಹಿತ್ಯದ ಶೆಲ್ಫಲ್ಲಿಲ್ಲ, ಆಫ್ರಿಕನ್ ಅಮೆರಿಕನ್ ಅಧ್ಯಯನದ ಶೆಲ್ಫಲ್ಲಿದೆ. ಒಳಗಿರೋದು ಪೂರ್ತಿ ಗ್ರೀಕ್ ವಿಷಯ, ಕಪ್ಪು ಅಂತ ಇರೋದು ಹಿಂದಿನ ರಟ್ಟಿನ ಮೇಲಿರೋ ಅವನ ಫೋಟೋ ಒಂದೇ. ಯಾವ ಗಲಾಟೆಯೂ ಇಲ್ಲ, ಯಾರೂ ಬೈದಿಲ್ಲ, ಒಬ್ಬ ನೌಕರ ಲಿಸ್ಟ್ ನೋಡಿ ಜೋಡಿಸಿದಾನೆ ಅಷ್ಟೇ, ಅದರಲ್ಲೇ ಒಬ್ಬ ಮನುಷ್ಯನ ಜೀವಮಾನದ ಕೆಲಸ ತಪ್ಪು ಗೂಡಿಗೆ ಬಿದ್ದುಹೋಯ್ತು. ಸಾಮಾಜಿಕ ಅಧಿಕಾರ ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಈ ದೃಶ್ಯ ತೋರಿಸ್ತೀನಿ.

ಸಿಟ್ಟಲ್ಲಿ ಮಾಂಕ್ ಬೇರೆ ಹೆಸರಿಟ್ಕೊಂಡು, ಬಿಳಿ ಓದುಗರು ಕಪ್ಪು ಜೀವನ ಅಂದ್ರೆ ಹೀಗೇ ಇರ್ಬೇಕು ಅಂತ ಬಯಸ್ತಾರಲ್ಲ, ಬಂದೂಕು, ಬೈಗುಳ, ಅಪ್ಪ ಇಲ್ಲದ ಮಕ್ಕಳು, ಅದೆಲ್ಲಾ ತುರುಕಿ ಒಂದು ಕೆಟ್ಟ ಕಾದಂಬರಿ ಬರೆದು ಕಳಿಸ್ತಾನೆ. ಲಕ್ಷಾಂತರ ಡಾಲರ್ ಬಂದುಬೀಳತ್ತೆ. ಅಮ್ಮನಿಗೆ ಮರೆವಿನ ಕಾಯಿಲೆ, ಆರೈಕೆಗೆ ದುಡ್ಡು ಬೇಕು, ಬೇಡ ಅನ್ನೋ ಹಾಗಿಲ್ಲ. ಆ ಕೆಟ್ಟ ಕಾದಂಬರಿ ಪೂರ್ತಿಯಾಗಿ ಪುಸ್ತಕದ ಮಧ್ಯದಲ್ಲೇ ಅಚ್ಚಾಗಿದೆ, ಅದನ್ನ ಹಾರಿಸ್ಬೇಡಿ, ಓದ್ತಾ ಓದ್ತಾ ನಮಗೂ ಕುತೂಹಲ ಹುಟ್ಟತ್ತೆ, ಆಗ ಗೊತ್ತಾಗತ್ತೆ ಆ ಮಾರ್ಕೆಟ್‌ನಲ್ಲಿ ನಾವೂ ಗಿರಾಕಿಗಳೇ ಅಂತ. ಅಮ್ಮ ದಿನದಿನಕ್ಕೆ ತಾನ್ಯಾರು ಅಂತ ಮರೀತಿದಾಳೆ, ಮಗ ದುಡ್ಡಿಗೆ ಬೇರೆ ಯಾರೋ ಆಗ್ತಿದಾನೆ, ಈ ಎರಡನ್ನ ಎವರೆಟ್ ಪಕ್ಕಪಕ್ಕ ಇಟ್ಟು ಒಂದು ಮಾತೂ ವಿವರಣೆ ಕೊಡಲ್ಲ. ಇದನ್ನ ಇಟ್ಕೊಂಡು ಮಾಡಿದ ಅಮೆರಿಕನ್ ಫಿಕ್ಷನ್ ಸಿನಿಮಾ 2023ರಲ್ಲಿ ಬಂತು, ಚಿತ್ರಕಥೆಗೆ ಆಸ್ಕರ್ ಕೂಡ ಸಿಕ್ತು. ಸಿನಿಮಾ ಚೆನ್ನಾಗಿದೆ, ಆದ್ರೆ ಮಾಂಕ್‌ನ ಅಕ್ಕ ಲೀಸಾಳ ಸಾವನ್ನ ಅದು ಬದಲಾಯಿಸಿದೆ. ಪುಸ್ತಕದಲ್ಲಿ ಆಕೆ ಗರ್ಭಪಾತದ ಕ್ಲಿನಿಕ್‌ನಲ್ಲಿ ಡಾಕ್ಟರ್ ಆಗಿದ್ದಕ್ಕೆ ಕೊಲೆ ಆಗ್ತಾಳೆ, ಸಿನಿಮಾದಲ್ಲಿ ಹೃದಯಾಘಾತ. ಸಿನಿಮಾ ನೋಡಿ ಪುಸ್ತಕದ ಬಗ್ಗೆ ಬರೆಯೋ ಅಭ್ಯಾಸ ಇರೋ ವಿದ್ಯಾರ್ಥಿಗಳು ಇಲ್ಲೇ ಸಿಕ್ಕಿಬೀಳ್ತಾರೆ.

ಯೆಲ್ಲೋಫೇಸ್, ಆರ್. ಎಫ್. ಕ್ವಾಂಗ್, 2023. ಜೂನ್ ಅನ್ನೋ ಬಿಳಿ ಲೇಖಕಿ, ಕಣ್ಣೆದುರೇ ಸತ್ತುಹೋದ ಚೀನೀ ಅಮೆರಿಕನ್ ಗೆಳತಿಯ ಹಸ್ತಪ್ರತಿ ಕದ್ದು ತನ್ನ ಹೆಸರಲ್ಲಿ ಪ್ರಕಟಿಸ್ತಾಳೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಫ್ರಾನ್ಸ್ ಕಡೆಗೆ ಕೂಲಿ ಮಾಡೋಕೆ ಹೋದ ಸುಮಾರು 1,40,000 ಚೀನೀ ಕಾರ್ಮಿಕರ ಕಥೆ ಅದು. ತನ್ನ ಮಧ್ಯದ ಹೆಸರು ಸಾಂಗ್ ಅಂತಿರೋದನ್ನ ಮುಂದೆ ತಂದು ಚೀನೀ ಹೆಸರು ಅನ್ನಿಸೋ ಹಾಗೆ ಮಾಡ್ಕೋತಾಳೆ. ವೇಗವಾಗಿ ಓಡೋ ಪುಸ್ತಕ, ಜೂನ್ ತಾನು ಮಾಡಿದ್ದೇ ಸರಿ ಅಂತ ನಮಗೆ ಒಪ್ಪಿಸ್ತಾ ಹೋಗೋ ರೀತಿ ಮೈ ಜುಮ್ಮೆನ್ಸತ್ತೆ, ಸೋಷಿಯಲ್ ಮೀಡಿಯಾದಲ್ಲಿ ಜನ ಬೆನ್ನು ಹತ್ತೋದು ಕೂಡ ಸರಿಯಾಗಿ ಬಂದಿದೆ. ಆದ್ರೆ ಎಲ್ಲಾನೂ ಬಾಯಿಬಿಟ್ಟು ಹೇಳಿಬಿಡತ್ತೆ, ಓದುಗರಿಗೆ ಹುಡುಕೋಕೆ ಉಳ್ಸಲ್ಲ. ತುಂಬಾ ದಿನದಿಂದ ಓದೋದೇ ಬಿಟ್ಟಿರೋರು ಇದರಿಂದ ಶುರು ಮಾಡಿ. ಆಳ ಬೇಕಂದ್ರೆ ಇರೇಶರ್, ಅದರಲ್ಲಿ ನನಗೆ ಎರಡನೇ ಮಾತಿಲ್ಲ.

ವಲಸೆ ಬಂದವರ ಮನೆ: ದಿ ನೇಮ್‌ಸೇಕ್, ಇಲ್ಲಾ ಇಂಟೀರಿಯರ್ ಚೈನಾಟೌನ್

ನಮ್ಮ ಕಡೆ ಓದುಗರು ಮೊದಲು ಕೈಗೆತ್ಕೊಳ್ಳೋದು ಝುಂಪಾ ಲಾಹಿರಿಯ ನೇಮ್‌ಸೇಕ್, 2003ರದ್ದು. ಯಾಕಂತ ಅರ್ಥ ಆಗತ್ತೆ. ಮೊದಲ ಪುಟದಲ್ಲೇ ತುಂಬು ಗರ್ಭಿಣಿ ಅಶಿಮಾ ಅಮೆರಿಕದ ಅಡುಗೆಮನೇಲಿ ನಿಂತು ರೈಸ್ ಕ್ರಿಸ್ಪೀಸು, ಕಡಲೆಬೀಜ, ಹೆಚ್ಚಿದ ಈರುಳ್ಳಿ ಕಲಸ್ತಿದಾಳೆ, ಕಲ್ಕತ್ತಾದ ಫುಟ್‌ಪಾತಲ್ಲಿ ತಿಂತಿದ್ದ ತಿಂಡಿಯ ರುಚಿ ಬರ್ಲಿ ಅಂತ, ಎಷ್ಟು ಕಲಸಿದ್ರೂ ಏನೋ ಒಂದು ಕಮ್ಮಿ. ಅದು ನಮ್ಮ ಚುರುಮುರಿನೇ ತಾನೇ. ಹುಟ್ಟಿದ ಮಗುಗೆ ಅಶಿಮಾಳ ಅಜ್ಜಿ ಕಳಿಸಿದ ಹೆಸರಿನ ಕಾಗದ ಬರೋದೇ ಇಲ್ಲ, ಹೆಸರು ಬರೆಸದೆ ಡಿಸ್ಚಾರ್ಜ್ ಮಾಡಲ್ಲ ಅಂತ ಆಸ್ಪತ್ರೆಯವರು ಪಟ್ಟು ಹಿಡೀತಾರೆ, ಅಪ್ಪ ತಾತ್ಕಾಲಿಕಕ್ಕೆ ಗೊಗೊಲ್ ಅಂತ ಬರೆಸ್ತಾನೆ. ಮುಂದೆ ಆ ಹುಡುಗ ಕಾಲೇಜಿಗೆ ಹೋಗೋ ಮುಂಚೆ ಕೋರ್ಟಿಗೆ ಹೋಗಿ ನಿಖಿಲ್ ಅಂತ ಬದಲಾಯಿಸ್ಕೋತಾನೆ.

ಇಲ್ಲಿ ಒಂದು ವಿಷಯ ನಮಗೆ ಬಂಗಾಳಿಗಳಿಗಿಂತ ಹತ್ತಿರ. ನಮ್ಮಲ್ಲಿ ಬಹಳ ಜನಕ್ಕೆ ಸರ್‌ನೇಮೇ ಇಲ್ಲ, ಅಪ್ಪನ ಹೆಸರಿನ ಅಕ್ಷರ, ಊರಿನ ಹೆಸರಿನ ಅಕ್ಷರ ಮುಂದಿರತ್ತೆ ಅಷ್ಟೇ. ಪಾಸ್‌ಪೋರ್ಟಲ್ಲಿ ಒಂದೇ ಹೆಸರಿದ್ರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರತ್ತೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಬ್ಯಾಂಕಲ್ಲಿ, ಡ್ರೈವಿಂಗ್ ಲೈಸೆನ್ಸಲ್ಲಿ ಅದೇ ಹೆಸರು ಅಂಟ್ಕೊಂಡು, ಕೌಂಟರಲ್ಲಿ "ಎಫ್‌ಎನ್‌ಯು" ಅಂತ ಕೂಗಿದಾಗ ಎದ್ದು ಹೋಗಿರೋ ಜನ ನಮ್ಮ ನೆಂಟರಲ್ಲೇ ಇದಾರೆ. ಗೊಗೊಲ್‌ಗೆ ಆಸ್ಪತ್ರೆಯ ಫಾರ್ಮ್ ಮಾಡಿದ್ದನ್ನೇ ಇವರಿಗೆ ವೀಸಾ ಫಾರ್ಮ್ ಮಾಡಿದೆ.

ಆದ್ರೂ ಪ್ರಾಜೆಕ್ಟಿಗೆ ನೇಮ್‌ಸೇಕ್ ಬೇಡ ಅಂತ ಹೇಳ್ದೆ, ಅವಳಿಗೆ ಬೇಜಾರಾಯ್ತು. ನನಗೂ ಅದು ಪ್ರೀತಿಯ ಪುಸ್ತಕ, ಅಪ್ಪನ ಸಾವಾದ್ಮೇಲೆ ಮಗ ಅಪ್ಪ ಒಬ್ಬನೇ ಇದ್ದ ಆ ಖಾಲಿ ಫ್ಲಾಟಿಗೆ ಹೋಗೋ ಅಧ್ಯಾಯ ಓದಿ ಕಣ್ಣೀರು ಬರದೇ ಇದ್ದಿದ್ದು ಇಲ್ಲ. ಆದ್ರೆ ಅದರಲ್ಲಿ ಅಧಿಕಾರ ಮೆತ್ತಗಿದೆ. ಗಂಗೂಲಿ ಮನೆಯವರು ಓದಿದವರು, ಅಪ್ಪ ಪ್ರೊಫೆಸರು, ಮಗ ಯೇಲ್‌ಗೆ ಹೋಗ್ತಾನೆ, ನೋವಿರೋದು ಮನೆಯೊಳಗೆ. ಹೊರಗಿನವರು ಇವರನ್ನ ಹೇಗೆ ನೋಡ್ತಾರೆ ಅನ್ನೋದು ಅಂಚಲ್ಲಿ ಮಾತ್ರ ಬರತ್ತೆ.

ಅದು ನೇರವಾಗಿ ಬೇಕಂದ್ರೆ ಚಾರ್ಲ್ಸ್ ಯೂ ಬರೆದ ಇಂಟೀರಿಯರ್ ಚೈನಾಟೌನ್ ಇದೆ, 2020ರಲ್ಲಿ ನ್ಯಾಷನಲ್ ಬುಕ್ ಅವಾರ್ಡ್ ಬಂದಿದ್ದು. ಇಡೀ ಕಾದಂಬರಿ ಟೀವಿ ಸ್ಕ್ರಿಪ್ಟ್ ಥರ ಇದೆ. ವಿಲಿಸ್ ವೂ ಪೊಲೀಸ್ ಸೀರಿಯಲ್‌ನಲ್ಲಿ ಹಿಂದೆ ನಿಲ್ಲೋ ಏಷ್ಯಾದವನು, ಆಮೇಲೆ ಹೆಣ ಆಗಿ ಬಿದ್ದಿರೋ ಏಷ್ಯಾದವನು, ಆಮೇಲೆ ಡೆಲಿವರಿ ಹುಡುಗ, ಅವನ ದೊಡ್ಡ ಕನಸು ಕುಂಗ್ ಫೂ ಹೀರೋ ಆಗೋದು. ಸೀರಿಯಲ್‌ನಲ್ಲಿ ಸತ್ರೆ 45 ದಿನ ಕೆಲಸ ಇಲ್ಲ, ಅಷ್ಟರಲ್ಲಿ ಜನ ಮುಖ ಮರೀತಾರೆ, ಆಮೇಲೆ ಬೇರೆ ಪಾತ್ರವಾಗಿ ವಾಪಸ್ ಬರ್ಬೋದು. ಎಲ್ಲಿ ಸೀರಿಯಲ್ ಮುಗೀತು ಎಲ್ಲಿ ಜೀವನ ಶುರುವಾಯ್ತು ಅನ್ನೋದು ಬೇಕಂತಲೇ ಗೊತ್ತಾಗಲ್ಲ, ಮೊದಲ ಮೂವತ್ತು ಪುಟ ತಲೆ ಕೆಡತ್ತೆ, ಬಿಡ್ಬೇಡಿ. ಅಪ್ಪ ಅಮ್ಮನ ಭಾಗ ಬಂದಾಗ ಆ ಸ್ಕ್ರಿಪ್ಟ್ ರೂಪ ಯಾಕೆ ಅಂತ ಎದೆಗೆ ತಟ್ಟತ್ತೆ. 1882ರ ಚೀನೀಯರನ್ನ ಹೊರಗಿಡೋ ಕಾನೂನಿನ ಚರಿತ್ರೆಯನ್ನ ಪಕ್ಕದಲ್ಲಿಟ್ಕೊಂಡು ಓದಿದ್ರೆ ಇನ್ನೂ ಚೆನ್ನಾಗಿ ತಿಳಿಯತ್ತೆ, ಅದರ ಜೊತೆಗೇ ಭಗತ್ ಸಿಂಗ್ ಥಿಂಡ್ ಕೇಸ್ ಕೂಡ ನೋಡಿ, ಅಮೆರಿಕದ ಸೈನ್ಯದಲ್ಲಿದ್ದ ಈ ಪಂಜಾಬಿಗೆ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನೀನು ಬಿಳಿಯ ಅಲ್ಲ, ಪೌರತ್ವ ಇಲ್ಲ ಅಂತು.

ಇನ್ನೆರಡು, ಚಿಕ್ಕದಾಗಿ

ಟಾಮಿ ಆರೆಂಜ್ ಬರೆದ ದೇರ್ ದೇರ್ 2018ರದ್ದು, ಓಕ್ಲೆಂಡ್ ನಗರದಲ್ಲಿ ಬದುಕೋ ಮೂಲನಿವಾಸಿ ಅಮೆರಿಕನ್ನರು, 12 ಜನ, ಎಲ್ಲರೂ ಪವ್‌ವಾವ್ ಅನ್ನೋ ತಮ್ಮ ಜನರ ಕುಣಿತದ ಮೇಳದ ಕಡೆ ನಡೀತಿದಾರೆ. ಓರ್ವಿಲ್ ಅನ್ನೋ ಹುಡುಗ ತನ್ನ ಜನರ ಕುಣಿತವನ್ನ ಯೂಟ್ಯೂಬ್ ನೋಡಿ ಕಲೀತಾನೆ, ಕದ್ದು ಹಾಕ್ಕೊಂಡ ಕುಣಿತದ ಉಡುಪಲ್ಲಿ ಕನ್ನಡಿ ಮುಂದೆ ನಿಂತ್ರೆ ತಾನು ವೇಷ ಹಾಕಿರೋನ ಥರ ಕಾಣ್ತಾನೆ. ಪಾತ್ರ ಜಾಸ್ತಿ, ಒಂದು ಚೀಟೀಲಿ ಹೆಸರು ಬರ್ಕೊಂಡು ಓದಿ. ಎರ್ನಾನ್ ಡಿಯಾಜ್ ಬರೆದ ಟ್ರಸ್ಟ್, 2023ರ ಪುಲಿಟ್ಜರ್ ಹಂಚಿಕೊಂಡ ಪುಸ್ತಕ, ದುಡ್ಡಿನ ಅಧಿಕಾರದ ಬಗ್ಗೆ. ಒಬ್ಬ ಭಾರೀ ಶ್ರೀಮಂತ ತನ್ನ ಸತ್ತ ಹೆಂಡತಿ ಹೇಗಿದ್ದಳು ಅನ್ನೋದನ್ನ ಸಂಬಳ ಕೊಟ್ಟು ಬರೆಸ್ತಾನೆ, ಅದೇ ಕಥೆ ನಾಲ್ಕು ಸಲ ನಾಲ್ಕು ಕೈಲಿ. ಬಣ್ಣ ಜನಾಂಗ ಬಿಟ್ಟು ವರ್ಗ ಮತ್ತು ಹೆಣ್ಣಿನ ಕಡೆ ಪ್ರಾಜೆಕ್ಟ್ ತಿರುಗಿಸೋರಿಗೆ ಇದಕ್ಕಿಂತ ಒಳ್ಳೇದಿಲ್ಲ.

ಮತ್ತೆ ಜೇಮ್ಸ್

ಎವರೆಟ್ ಅವರದ್ದೇ, 2024, ನ್ಯಾಷನಲ್ ಬುಕ್ ಅವಾರ್ಡೂ ಬಂತು, 2025ರಲ್ಲಿ ಪುಲಿಟ್ಜರೂ ಬಂತು. ಮಾರ್ಕ್ ಟ್ವೇನ್ ಬರೆದ ಹಳೇ ಕಾದಂಬರಿ ಹಕಲ್‌ಬೆರಿ ಫಿನ್‌ನ ಕಥೆಯನ್ನ ಜೊತೆಗೆ ಓಡಿಹೋಗೋ ಗುಲಾಮ ಜಿಮ್ ಹೇಳಿದ್ರೆ ಹೇಗಿರತ್ತೆ ಅನ್ನೋದು. ಜಿಮ್‌ಗೆ ಒಳ್ಳೇ ಇಂಗ್ಲಿಷ್ ಬರತ್ತೆ, ಓದೋಕೆ ಬರತ್ತೆ, ಬಿಳಿಯರ ಮುಂದೆ ಮಾತ್ರ ತೊದಲು ಭಾಷೆ ಮಾತಾಡ್ತಾನೆ. ಶುರುವಲ್ಲೇ ಅವನು ಗುಡಿಸಲಲ್ಲಿ ಮಕ್ಕಳನ್ನ ಕೂರಿಸಿ ಪಾಠ ಮಾಡ್ತಾನೆ. ಯಜಮಾನಿ ಅಡುಗೆಮನೆಗೆ ಬೆಂಕಿ ಬಿದ್ದಿದೆ, ಹೇಗೆ ಹೇಳ್ತೀರ ಅಂತ ಕೇಳ್ತಾನೆ. ಬೆಂಕಿ ಬೆಂಕಿ ಅಂತ ಕೂಗ್ಬಾರ್ದು. ಅಯ್ಯೋ ಅಮ್ಮಾವ್ರೆ ಅಲ್ನೋಡಿ ಅನ್ಬೇಕು, ಬೆಂಕಿ ಅಂತ ಹೆಸರಿಡೋದು ಅವರ ಕೆಲಸ, ಎಲ್ಲದಕ್ಕೂ ಅವರೇ ಮೊದಲು ಹೆಸರಿಡ್ಬೇಕು. ಮಕ್ಕಳು ಚುರುಕಾಗಿ ಕಲೀತವೆ. ಮನೆಗೆಲಸದವರ ಮುಂದೆ ಒಂದು ದನಿ, ಸಾಹೇಬ್ರ ಮುಂದೆ ಒಂದು ದನಿ ಕೇಳಿಸ್ಕೊಂಡೇ ಬೆಳೆದ ನಮಗೆ ಆ ಪಾಠ ಕೂತಲ್ಲೇ ಅರ್ಥ ಆಗತ್ತೆ.

ಮುಂದೆ ಒಂದು ಕಡೆ ಈ ಜಿಮ್‌ಗೆ, ಅಂದ್ರೆ ಜೇಮ್ಸ್‌ಗೆ, ಬರೆಯೋಕೆ ಪೆನ್ಸಿಲ್ ಬೇಕಾಗತ್ತೆ. ಒಬ್ಬ ಯುವಕ ತನ್ನ ಯಜಮಾನನ ಹತ್ರದಿಂದ ಒಂದು ತುಂಡು ಪೆನ್ಸಿಲ್ ಕದ್ದು ತಂದುಕೊಡ್ತಾನೆ, ಅದಕ್ಕೆ ಅವನು ಕೊಡೋ ಬೆಲೆ ಏನು ಅಂತ ನಾನಿಲ್ಲಿ ಬರೆಯಲ್ಲ. ಆಮೇಲೆ ನದೀಲಿ ಈಜ್ತಾ, ಓಡ್ತಾ, ಅಡಗ್ತಾ, ಆ ಪೆನ್ಸಿಲ್ ಜೇಬಲ್ಲಿದೆಯಾ ಅಂತ ಜೇಮ್ಸ್ ಮುಟ್ಟಿ ಮುಟ್ಟಿ ನೋಡ್ಕೊಳ್ಳೋ ಹಾಗೆ ನಾನೂ ಪ್ರತೀ ಅಧ್ಯಾಯದಲ್ಲಿ ಅದನ್ನೇ ಹುಡುಕ್ತಿದ್ದೆ. ಇದನ್ನ ಓದೋಕೆ 1884ರ ಮೂಲ ಕಾದಂಬರಿ ಮೊದಲೇ ಓದಿರ್ಬೇಕಾ ಅಂತ ಅಕ್ಕನ ಮಗಳು ಕೇಳಿದ್ಳು. ಬೇಕಿಲ್ಲ, ಕಥೆಯ ಎಳೆ ಗೊತ್ತಿದ್ರೆ ಸಾಕು, ಆದ್ರೆ ಪ್ರಾಜೆಕ್ಟಲ್ಲಿ ಇದನ್ನ ಸೇರ್ಸೋದಾದ್ರೆ ಮೂಲಾನೂ ಓದ್ಬೇಕು, ಯಾವುದನ್ನ ಎವರೆಟ್ ಬದಲಾಯಿಸಿದಾರೆ ಅನ್ನೋದೇ ಅಲ್ಲಿ ಅರ್ಧ ವಾದ.

ಅವಳು ಕೊನೆಗೆ ವ್ಯಾನಿಶಿಂಗ್ ಹಾಫು, ಇರೇಶರು ಅಂತ ಬರೆಸಿಬಂದ್ಳು. ಮೊನ್ನೆ ಮನೆಗೆ ಬಂದಾಗ ಶೆಲ್ಫಿಂದ ಜೇಮ್ಸ್ ತಗೊಂಡು ಹೋಗಿದಾಳೆ, ಇದು ಪ್ರಾಜೆಕ್ಟಿಗಲ್ಲ ಚಿಕ್ಕಮ್ಮ ಅಂತ ಹೇಳಿ.